ಹೊಗೆಯೂ ನೆರೆಯವನ ಹಕ್ಕೂ

ಸುಮಾರು ಏಳುನೂರು ವರ್ಷಗಳ ಹಿಂದೆ ಟ್ಯುನಿಸ್ ನಗರದಲ್ಲಿ ಇಬ್ನು ರಾಮಿ ಎಂಬ ಮೇಸ್ತ್ರಿಯೊಬ್ಬರಿದ್ದರು. ಕಲ್ಲು, ಗಾರೆ, ಗೋಡೆಗಳ ನಡುವೆ ಬೆಳೆದವರು. ನೆರೆಹೊರೆಯವರ ನಡುವೆ ಗೋಡೆ, ಕಿಟಕಿ, ಮೋರಿ, ಓಣಿಗಳ ವ್ಯಾಜ್ಯ ಎದ್ದಾಗ ಕಾಝಿಯವರು ಇವರನ್ನು ಸ್ಥಳಕ್ಕೆ ಕಳುಹಿಸುತ್ತಿದ್ದರು. ಇವರು ಹೋಗಿ ನೋಡಿ, ಅಳೆದು, ಬಂದು ವರದಿ ಒಪ್ಪಿಸುತ್ತಿದ್ದರು. ತಾವು ಕಂಡ ವ್ಯಾಜ್ಯಗಳನ್ನೂ ಮಾಲಿಕಿ ಮದ್‌ಹಬಿನ ಇಮಾಮರ ಅಭಿಪ್ರಾಯಗಳನ್ನೂ ಸೇರಿಸಿ ಕಟ್ಟಡಗಳ ನಿಯಮಗಳ ಬಗ್ಗೆ ಒಂದು ಗ್ರಂಥವನ್ನೇ ಬರೆದರು. ಮೇಸ್ತ್ರಿಯೊಬ್ಬರು ಬರೆದ ಫಿಕ್ಹ್ ಗ್ರಂಥವನ್ನು ಉಲಮಾಗಳು ಶತಮಾನಗಳ ಕಾಲ ಓದಿದ್ದಾರೆ ಎಂಬುದೇ ನಮಗೆ ಸಂತೋಷದ ಸಂಗತಿ. ಆ ಗ್ರಂಥದಲ್ಲಿ ಹೊಗೆಯ ವಿಚಾರವೂ ಇದೆ.

ಅವರು ಹೊಗೆಯನ್ನು ಎರಡು ಬಗೆಯಾಗಿ ನೋಡುತ್ತಾರೆ. ಹಮ್ಮಾಮಿನ ಕುಲುಮೆಯ ಹೊಗೆ ಮತ್ತು ಮಾರಾಟಕ್ಕೆ ರೊಟ್ಟಿ ಸುಡುವ ಭಟ್ಟಿಯ ಹೊಗೆ ಒಂದು ಬಗೆ. ಅದು ದಿನವಿಡೀ ಬರುತ್ತದೆ, ದಟ್ಟವಾಗಿ ಬರುತ್ತದೆ, ನೆರೆಯವನ ಮನೆಯೊಳಗೆ ನುಗ್ಗುತ್ತದೆ. ಅದರಿಂದ ಬರುವ ಲಾಭ ಮಾತ್ರ ಭಟ್ಟಿಯ ಯಜಮಾನನಿಗೆ. ಇಂಥ ಹೊಗೆಯನ್ನು ತಡೆಯಬೇಕು. ಇನ್ನೊಂದು ಮನೆಯ ಅಡುಗೆ ಒಲೆಯ ಹೊಗೆ. ಅದಿಲ್ಲದೆ ಬದುಕು ಸಾಗದು, ಪ್ರಮಾಣವೂ ಅಲ್ಪ. ಅದನ್ನು ನೆರೆಯವರು ಸಹಿಸಿಕೊಳ್ಳಬೇಕು. ಈ ಭೇದವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇವೆ. ಇದೇ ಭೇದ ನಮ್ಮ ಕಾಲದಲ್ಲಿ ಬೇರೆ ವೇಷ ತೊಟ್ಟು ಮತ್ತೆ ಬರಲಿದೆ.

ಇಬ್ನು ರಾಮಿಯವರ ಮಾತಿನ ಹಿಂದೆ ಇಮಾಮ್ ಮಾಲಿಕ್(ರಹ) ಅವರ ತೀರ್ಪಿದೆ. ಖೈರವಾನಿನ ಇಮಾಮ್ ಸಹ್‌ನೂನ್ ಸಂಗ್ರಹಿಸಿದ ಮುದವ್ವನಾದಲ್ಲಿ ಅದು ದಾಖಲಾಗಿದೆ. ತನ್ನ ಸ್ವಂತ ಜಾಗದಲ್ಲಿ ಒಬ್ಬ ಹಮ್ಮಾಮ್ ಅಥವಾ ಭಟ್ಟಿ ಕಟ್ಟಲು ಹೊರಟು, ಅದರಿಂದ ನೆರೆಯವರಿಗೆ ತೊಂದರೆಯಾದರೆ ಏನು ಮಾಡಬೇಕೆಂಬ ಪ್ರಶ್ನೆಗೆ, ಅವನನ್ನು ತಡೆಯಬೇಕೆಂಬುದೇ ಅವರ ಉತ್ತರ. ಇದೆಲ್ಲದರ ಬೇರು ಪ್ರವಾದಿವರ್ಯರ(ಸ) ಆ ಪ್ರಸಿದ್ಧ ವಚನದಲ್ಲಿದೆ. ಯಾರೂ ಯಾರಿಗೂ ಹಾನಿ ಮಾಡಬಾರದು, ಹಾನಿಗೆ ಪ್ರತಿಯಾಗಿಯೂ ಹಾನಿ ಮಾಡಬಾರದು ಎಂಬುದು ಅದರ ತಾತ್ಪರ್ಯ.

ಇಲ್ಲಿ ಒಂದು ಮಾತನ್ನು ಮರೆಮಾಚದೆ ಹೇಳಬೇಕು. ಎಲ್ಲ ಮದ್‌ಹಬ್‌ಗಳೂ ಈ ವಿಷಯದಲ್ಲಿ ಒಂದೇ ತೆರನಾಗಿ ಮಾತನಾಡಿಲ್ಲ. ಶಾಫಿಈ ಗ್ರಂಥಗಳಲ್ಲಿ ಮಾಲೀಕನಿಗೆ ತನ್ನ ಜಾಗದ ಮೇಲೆ ಹೆಚ್ಚು ಸ್ವಾತಂತ್ರ್ಯವಿದೆ. ಗೋಡೆಗಳನ್ನು ಭದ್ರಪಡಿಸಿ, ಎಚ್ಚರ ವಹಿಸಿದರೆ ಮನೆಗಳ ನಡುವೆಯೂ ಹಮ್ಮಾಮ್ ಅಥವಾ ಕಮ್ಮಾರಸಾಲೆ ನಡೆಸಬಹುದೆಂಬುದು ಇಮಾಮ್ ನವವಿ(ರಹ) ಅವರು ಹೆಚ್ಚು ಸರಿಯೆಂದು ಹೇಳಿದ ಅಭಿಪ್ರಾಯ. ಹನಫಿಗಳ ಹಳೆಯ ಅಭಿಪ್ರಾಯವೂ ಇದಕ್ಕೆ ಹತ್ತಿರವಿತ್ತು. ಆದರೆ ನಂತರದ ಹನಫಿ ಉಲಮಾಗಳು ನಗರಗಳು ಕಿಕ್ಕಿರಿದದ್ದನ್ನು ಕಂಡು, ಸ್ಪಷ್ಟವಾದ ಮಿತಿಮೀರಿದ ಹಾನಿಯಾದರೆ ಮಾಲೀಕನ ಕೈ ಹಿಡಿಯಬೇಕು ಎಂದರು. ಉಸ್ಮಾನಿ ಸಾಮ್ರಾಜ್ಯದಲ್ಲಿ ಅಹ್ಮದ್ ಜೌದತ್ ಪಾಷಾ ಅವರ ನೇತೃತ್ವದಲ್ಲಿ 1869ರಿಂದ 1876ರ ನಡುವೆ ಸಿದ್ಧವಾದ ಮಜಲ್ಲಾ ಕಾನೂನು ಸಂಹಿತೆ ಈ ಎರಡನೆಯ ದಾರಿಯನ್ನೇ ಹಿಡಿಯಿತು. ಭಟ್ಟಿಯ ಹೊಗೆಯಿಂದಲೋ ಎಣ್ಣೆ ಗಾಣದ ವಾಸನೆಯಿಂದಲೋ ಪಕ್ಕದ ಮನೆಯಲ್ಲಿ ವಾಸಿಸಲಾಗದಂತಾದರೆ ಅದನ್ನು ಮಿತಿಮೀರಿದ ಹಾನಿಯೆಂದೇ ಹೆಸರಿಸಿ, ಹೇಗಾದರೂ ನಿವಾರಿಸಬೇಕೆಂದು ಅದರ 1200ನೇ ಕಲಮು ವಿಧಿಸುತ್ತದೆ.

ಮಜಲ್ಲಾದ ಆರಂಭದ ನೂರು ಕಲಮುಗಳಲ್ಲಿ ಫಿಕ್ಹಿನ ಮೂಲ ಸೂತ್ರಗಳಿವೆ. ಆರನೆಯದು, ಹಿಂದಿನಿಂದ ನಡೆದುಬಂದದ್ದನ್ನು ಇದ್ದಹಾಗೆ ಬಿಡಬೇಕು ಎನ್ನುತ್ತದೆ. ದಾರಿಯ ಹಕ್ಕು, ನೀರಿನ ಹಕ್ಕು ಇವುಗಳಿಗೆಲ್ಲ ಇದು ಆಧಾರ. ಅದರ ಬೆನ್ನಿಗೇ ಏಳನೆಯದು ಬರುತ್ತದೆ. ಹಾನಿಗೆ ಮಾತ್ರ ಹಳೆಯತನದ ಹಕ್ಕು ಇಲ್ಲ ಎಂಬುದು ಅದರ ಭಾವ. ಅಜ್ಜನ ಕಾಲದಿಂದ ನಮ್ಮ ಬಚ್ಚಲ ನೀರು ಬೀದಿಗೆ ಹರಿಯುತ್ತಿದೆ ಎಂದು ಯಾರಾದರೂ ವಾದಿಸಿದರೆ, ದಾರಿಹೋಕರಿಗೆ ಅದರಿಂದ ತೊಂದರೆಯಿದ್ದಲ್ಲಿ ಅಜ್ಜನ ಕಾಲ ಲೆಕ್ಕಕ್ಕೆ ಬರುವುದಿಲ್ಲ. ಕಳೆದ ಕೆಲವು ಜುಮಾಗಳಲ್ಲಿ ಪರಿಸರದ ಬಗ್ಗೆ ಮಾತನಾಡುವಾಗ ನಾವು ಈ ಸೂತ್ರವನ್ನು ಹೇಳಿದೆವು. ಕಲ್ಲಿದ್ದಲಿಗೂ ಪೆಟ್ರೋಲಿಗೂ ಇದು ಹೇಗೆ ಹೊಂದುತ್ತದೆ ಎಂದು ಹಲವರು ಕೇಳಿದರು. ಖುತ್ಬಾದ ಸಮಯ ಅದಕ್ಕೆ ಸಾಲದು. ಹೊಗೆಯ ಇತಿಹಾಸವನ್ನೇ ಸ್ವಲ್ಪ ನೋಡೋಣ.

ಕಲ್ಲಿದ್ದಲನ್ನು ಮೊದಲು ದೊಡ್ಡ ಪ್ರಮಾಣದಲ್ಲಿ ಸುಟ್ಟ ಮಹಾನಗರ ಲಂಡನ್. ಅಲ್ಲಿ ಅದರ ಮೇಲಿನ ದೂರು ಕಲ್ಲಿದ್ದಲಿನಷ್ಟೇ ಹಳೆಯದು. ಇಬ್ನು ರಾಮಿಯವರ ಕಾಲದಲ್ಲೇ, 1306ರಲ್ಲಿ, ಇಂಗ್ಲೆಂಡಿನ ದೊರೆ ಮೊದಲನೆಯ ಎಡ್ವರ್ಡ್ ಲಂಡನ್ನಿನಲ್ಲಿ ಸುಣ್ಣದ ಭಟ್ಟಿ ಮೊದಲಾದ ಕಸುಬುಗಳಿಗೆ ಕಲ್ಲಿದ್ದಲು ಬಳಸಬಾರದೆಂದು ಡಂಗುರ ಸಾರಿಸಿದ. ಆಜ್ಞೆ ನಿಲ್ಲಲಿಲ್ಲ. ಸೌದೆ ದುಬಾರಿಯಾಗುತ್ತ ಹೋಯಿತು, ಕಲ್ಲಿದ್ದಲು ಅಗ್ಗವಾಗಿತ್ತು. 1661ರಲ್ಲಿ ಜಾನ್ ಎವೆಲಿನ್ ಎಂಬ ವಿದ್ವಾಂಸ ಲಂಡನ್ನಿನ ಹೊಗೆಯ ವಿರುದ್ಧ ಒಂದು ಕಿರುಪುಸ್ತಕ ಬರೆದು ದೊರೆಗೆ ಅರ್ಪಿಸಿದ. ಅದೂ ಕಪಾಟು ಸೇರಿತು. ಮುಂದೆ ಉಗಿ ಯಂತ್ರ ಬಂತು, ರೈಲು ಬಂತು, 1882ರಲ್ಲಿ ಲಂಡನ್ನಿನ ಹಾಲ್‌ಬರ್ನ್‌ನಲ್ಲಿ ಕಲ್ಲಿದ್ದಲಿನಿಂದ ವಿದ್ಯುತ್ ತಯಾರಿಸುವ ಕೇಂದ್ರವೂ ಬಂತು. ಹೊಗೆಯೆಂದರೆ ಸಮೃದ್ಧಿ ಎಂಬ ಭಾವನೆ ಜನರಲ್ಲಿ ಊರಿತು. ಲಂಡನ್ನಿನ ಮಂಜು ಕಥೆ ಕಾದಂಬರಿಗಳಲ್ಲಿ ಒಂದು ಶೋಭೆಯಾಗಿಬಿಟ್ಟಿತು. ಹಾನಿ ಹಳೆಯದಾದಾಗ ಆಗುವುದು ಇದೇ. ಅದು ಊರಿನ ಗುಣವೆಂದು ಜನ ನಂಬಿಬಿಡುತ್ತಾರೆ.

1952ರ ಡಿಸೆಂಬರ್ 5ರಂದು ಆ ನಗರದ ಮೇಲೆ ಗಾಳಿ ನಿಂತುಹೋಯಿತು. ನೆಲದ ಬಳಿಯ ತಣ್ಣನೆಯ ಗಾಳಿಯ ಮೇಲೆ ಬೆಚ್ಚನೆಯ ಗಾಳಿಯ ಪದರವೊಂದು ಮುಚ್ಚಳದಂತೆ ಕುಳಿತಿತು. ಚಳಿಗೆ ಮನೆಮನೆಯಲ್ಲೂ ಅಗ್ಗಿಷ್ಟಿಕೆ ಉರಿಯುತ್ತಿತ್ತು, ನಗರದೊಳಗಿನ ವಿದ್ಯುತ್ ಕೇಂದ್ರಗಳೂ ಉರಿಯುತ್ತಿದ್ದವು. ಹೊಗೆ ಮೇಲೇರಲಾಗದೆ ಮಂಜಿನೊಡನೆ ಬೆರೆತು ಬೀದಿಗಿಳಿಯಿತು. ಗಂಧಕದ ಅಂಶ ನೀರಹನಿಗಳಲ್ಲಿ ಕರಗಿ ಆಮ್ಲವಾಯಿತು. ಐದು ದಿನ ಹಾಗೇ ಇತ್ತು. ಬಸ್ಸುಗಳ ಮುಂದೆ ಒಬ್ಬರು ದೀಪ ಹಿಡಿದು ನಡೆಯಬೇಕಾಯಿತು. ಪ್ರದರ್ಶನಕ್ಕೆ ತಂದಿದ್ದ ಕೊಬ್ಬಿದ ದನಗಳು ಉಸಿರುಗಟ್ಟಿ ಸತ್ತವು. ರಂಗಮಂದಿರವೊಂದರ ಒಳಗೂ ಹೊಗೆ ನುಗ್ಗಿ, ಪ್ರೇಕ್ಷಕರಿಗೆ ವೇದಿಕೆ ಕಾಣದೆ ಆಟ ನಿಂತಿತು. ಆದರೂ ಏನೋ ಭಾರೀ ದುರಂತ ನಡೆಯುತ್ತಿದೆಯೆಂದು ಆ ಐದು ದಿನ ಯಾರಿಗೂ ಹೊಳೆಯಲಿಲ್ಲ. ಶವಪೆಟ್ಟಿಗೆಗಳೂ ಹೂವುಗಳೂ ಸಾಲದೆ ಬಂದಾಗ ಮಾತ್ರ ಸಂದೇಹ ಹುಟ್ಟಿತು. ಸತ್ತವರು ಹೆಚ್ಚಾಗಿ ಮುದುಕರು, ಹಸುಗೂಸುಗಳು, ಮೊದಲೇ ಎದೆಯ ಕಾಯಿಲೆ ಇದ್ದವರು. ಒಬ್ಬೊಬ್ಬರೇ ತಮ್ಮ ತಮ್ಮ ಮನೆಗಳಲ್ಲಿ ಸತ್ತರು. ಹೊಗೆಯಿಂದಾಗುವ ಸಾವಿನ ಗುಣವೇ ಅದು. ಪ್ರವಾಹದಂತೆ, ಭೂಕಂಪದಂತೆ ಅದು ಹೆಣಗಳನ್ನು ಒಂದೆಡೆ ರಾಶಿ ಹಾಕಿ ತೋರಿಸುವುದಿಲ್ಲ.

ಆರಂಭದ ಅಧಿಕೃತ ಲೆಕ್ಕ ಸುಮಾರು 4,000 ಸಾವು. ಮುಂದಿನ ತಿಂಗಳುಗಳಲ್ಲೂ ಸಾವಿನ ಸಂಖ್ಯೆ ಇಳಿಯದಿದ್ದಾಗ ಸರ್ಕಾರ ಅದನ್ನು ಫ್ಲೂ ಜ್ವರದ ಖಾತೆಗೆ ಬರೆಯಿತು. 2001ರಲ್ಲಿ ಸಂಶೋಧಕರು ಹಳೆಯ ದಾಖಲೆಗಳನ್ನು ಮತ್ತೆ ಲೆಕ್ಕ ಹಾಕಿದಾಗ ಸುಮಾರು 12,000 ಎಂಬ ಅಂಕಿ ಬಂತು. ಅಂದರೆ ಮೂರರಲ್ಲಿ ಎರಡು ಪಾಲು ಸತ್ತವರು ಅರ್ಧ ಶತಮಾನ ಕಾಲ ಬೇರೊಂದು ಖಾತೆಯಲ್ಲಿ ಮಲಗಿದ್ದರು.

ಇದರಲ್ಲಿ ಬಡವ ಬಲ್ಲಿದರ ಭೇದವೂ ಇತ್ತು. ಯುದ್ಧದ ಸಾಲ ತೀರಿಸಬೇಕಾಗಿದ್ದ ಬ್ರಿಟನ್ ತನ್ನ ಒಳ್ಳೆಯ ಕಲ್ಲಿದ್ದಲನ್ನು ಹೊರದೇಶಗಳಿಗೆ ಮಾರುತ್ತಿತ್ತು. ದೇಶದೊಳಗೆ ಕಲ್ಲಿದ್ದಲಿಗೆ ಪಡಿತರವಿತ್ತು. ಅದೇ ಡಿಸೆಂಬರ್ ಮೊದಲ ದಿನದಿಂದ, ಪಡಿತರವಿಲ್ಲದೆ ಎಷ್ಟು ಬೇಕಾದರೂ ಕೊಳ್ಳಬಹುದೆಂದು ಸರ್ಕಾರ ಬಿಟ್ಟುಕೊಟ್ಟದ್ದು ಚೂರು ಮತ್ತು ಪುಡಿ ಬೆರೆತ ಕೀಳು ದರ್ಜೆಯ ಕಲ್ಲಿದ್ದಲನ್ನು. ಅದು ಅಗ್ಗ, ಆದರೆ ಹೊಗೆ ಹೆಚ್ಚು. ಬಡವರ ಒಲೆಗೆ ಬಂದದ್ದು ಅದೇ. ಆಮೇಲೆ ಹೊಗೆಗೆ ಜನರ ಒಲೆಗಳೇ ಕಾರಣ ಎಂಬ ಮಾತೂ ಬಂತು!

ಸರ್ಕಾರ ಮೊದಲು ಮೀನಮೇಷ ಎಣಿಸಿತು. ಆಗಿನ ವಸತಿ ಸಚಿವ ಹ್ಯಾರಲ್ಡ್ ಮ್ಯಾಕ್ಮಿಲನ್, ಹೆಚ್ಚೇನೂ ಮಾಡಲಾಗದಿದ್ದರೂ ಬಹಳ ಕೆಲಸದಲ್ಲಿರುವಂತೆ ಕಾಣಿಸಿಕೊಳ್ಳಬಹುದು, ಒಂದು ಸಮಿತಿ ಮಾಡೋಣ ಎಂಬರ್ಥದ ಟಿಪ್ಪಣಿಯನ್ನು ಸಂಪುಟಕ್ಕೆ ಬರೆದಿದ್ದರು. ಸಮಿತಿ ಎಂಬ ಶಬ್ದ ಕೇಳಿದಾಗ ನಮಗೂ ಅನುಮಾನ ಬರುತ್ತದೆ. ಆದರೆ ಅದರ ಅಧ್ಯಕ್ಷ ಸರ್ ಹ್ಯೂ ಬೀವರ್ ಸುಮ್ಮನೆ ಕೂರುವ ಮನುಷ್ಯನಾಗಿರಲಿಲ್ಲ. (ಗಿನ್ನೆಸ್ ದಾಖಲೆ ಪುಸ್ತಕದ ಕಲ್ಪನೆಯೂ ಇವರದೇ.) ಹೊಗೆಯಿಂದ ದೇಶಕ್ಕೆ ಆಗುವ ನಷ್ಟವನ್ನು ಸಮಿತಿ ಹಣದಲ್ಲೂ ಲೆಕ್ಕ ಹಾಕಿ 1954ರಲ್ಲಿ ಮುಂದಿಟ್ಟಿತು. ಸಂಸತ್ತಿನಲ್ಲಿ ಜೆರಾಲ್ಡ್ ನಬಾರೊ ಎಂಬ ಸದಸ್ಯ ಖಾಸಗಿ ಮಸೂದೆ ತಂದು ಒತ್ತಡ ಹೇರಿದರು. 1956ರಲ್ಲಿ ಶುದ್ಧ ಗಾಳಿ ಕಾಯ್ದೆ ಬಂತು.

ಆ ಕಾಯ್ದೆಯಲ್ಲಿ ನಮಗೆ ಮುಖ್ಯವಾಗಿ ಕಂಡದ್ದು ನಿಷೇಧಕ್ಕಿಂತ ಅದರ ಖರ್ಚಿನ ಹಂಚಿಕೆ. ಇಂತಿಂಥ ಬಡಾವಣೆಯಲ್ಲಿ ಹೊಗೆ ಬಿಡಬಾರದು ಎಂದು ಸಾರಿದಾಗ ಮನೆಯವರು ಹಳೆಯ ಅಗ್ಗಿಷ್ಟಿಕೆ ತೆಗೆಸಿ ಹೊಗೆಯಿಲ್ಲದ ಇಂಧನದ ಒಲೆ ಹಾಕಿಸಬೇಕಿತ್ತು. ಅದರ ಖರ್ಚಿನ ಹತ್ತರಲ್ಲಿ ಏಳು ಪಾಲನ್ನು ಸರ್ಕಾರವೂ ಸ್ಥಳೀಯ ಆಡಳಿತವೂ ಸೇರಿ ಕೊಟ್ಟವು. ಆರೂವರೆ ಶತಮಾನ ದೊರೆಯ ಆಜ್ಞೆಗಳಿಂದ ಆಗದ್ದು ಇದರಿಂದ ಆಯಿತು. ಕಲ್ಲಿದ್ದಲು ಗಣಿಗಳ ಊರುಗಳಲ್ಲಿ ಮಾತ್ರ ಕೆಲಸ ನಿಧಾನವಾಯಿತು. ಕಾರಣ, ಗಣಿ ಕಾರ್ಮಿಕರಿಗೆ ಸಂಬಳದ ಭಾಗವಾಗಿ ಕಲ್ಲಿದ್ದಲೇ ಸಿಗುತ್ತಿತ್ತು. ತನಗೆ ಕೂಲಿಯಾಗಿ ಸಿಕ್ಕದ್ದನ್ನು ಸುಡಬೇಡ ಎಂದು ಯಾರಿಗೆ ಹೇಳುವುದು?

ಆದರೆ ಈ ಕಥೆಗೆ ಇನ್ನೊಂದು ಮುಖವಿದೆ. ಕಾಯ್ದೆಯ ನಂತರ ವಿದ್ಯುತ್ ಕೇಂದ್ರಗಳನ್ನು ನಗರದಿಂದ ದೂರ ಒಯ್ದು, ಅವುಗಳಿಗೆ ಬಹಳ ಎತ್ತರದ ಚಿಮಣಿಗಳನ್ನು ಕಟ್ಟಿದರು. ಲಂಡನ್ನಿನ ಗಾಳಿ ತಿಳಿಯಾಯಿತು. ಹೊಗೆ ಎಲ್ಲಿಗೆ ಹೋಯಿತು? ಸಮುದ್ರ ದಾಟಿತು. 1960ರ ದಶಕದ ಕೊನೆಯಲ್ಲಿ ಸ್ವೀಡನ್ನಿನ ವಿಜ್ಞಾನಿ ಸ್ವಾಂತೆ ಓಡೆನ್, ತಮ್ಮ ದೇಶದ ಸರೋವರಗಳು ಆಮ್ಲವಾಗುತ್ತಿರುವುದಕ್ಕೂ ಮೀನುಗಳು ಸಾಯುತ್ತಿರುವುದಕ್ಕೂ ಬ್ರಿಟನ್ ಮತ್ತು ಮಧ್ಯ ಯೂರೋಪಿನ ಚಿಮಣಿಗಳ ಗಂಧಕ ಕಾರಣವೆಂದು ತೋರಿಸಿದರು. 1972ರಲ್ಲಿ ಸ್ಟಾಕ್‌ಹೋಮಿನಲ್ಲಿ ವಿಶ್ವಸಂಸ್ಥೆಯ ಮೊದಲ ಪರಿಸರ ಸಮ್ಮೇಳನ ಕೂಡುವುದಕ್ಕೆ ಈ ದೂರೂ ಒಂದು ಪ್ರೇರಣೆ.

ಟ್ಯುನಿಸ್‌ನ ಓಣಿಯಲ್ಲಿ ಹೊಗೆ ಬಿಟ್ಟವನ ಮನೆ ಯಾವುದು, ಹೊಗೆ ಕುಡಿದವನ ಮನೆ ಯಾವುದು ಎಂದು ಮೇಸ್ತ್ರಿ ನಡೆದುಹೋಗಿ ನೋಡಬಹುದಿತ್ತು. ಎತ್ತರದ ಚಿಮಣಿ ಆ ನಡಿಗೆಯನ್ನೇ ಅಸಾಧ್ಯವಾಗಿಸಿತು. ನೆರೆಯವನು ಕಣ್ಣಿಗೆ ಕಾಣದಷ್ಟು ದೂರವಾದ, ಹಾನಿ ಮಾತ್ರ ಉಳಿಯಿತು. ನೆರೆಹೊರೆಯೆಂದರೆ ಎಲ್ಲಿಯವರೆಗೆ ಎಂದು ಕೇಳಿದಾಗ ನಾಲ್ಕೂ ದಿಕ್ಕಿಗೆ ನಲವತ್ತು ಮನೆ ಎಂದು ಹಸನ್ ಬಸ್ರಿ(ರಹ) ಹೇಳಿದ್ದು ಪ್ರಸಿದ್ಧ. ಹೊಗೆ ಹೋಗುವವರೆಗೂ ನೆರೆಯೇ ಎಂದು ನಾವು ಅದಕ್ಕೆ ಸೇರಿಸಿದರೆ ತಪ್ಪಾಗಲಾರದು ಎನಿಸುತ್ತದೆ. ಇದು ನಮ್ಮ ಅಭಿಪ್ರಾಯ ಮಾತ್ರ, ಫತ್ವಾ ಅಲ್ಲ.

ಕಣ್ಣಿಗೆ ಕಾಣುವ ಹೊಗೆಯ ಜೊತೆಗೆ ಕಾಣದ್ದೂ ಒಂದಿದೆ. ಕಲ್ಲಿದ್ದಲು, ತೈಲ, ಅನಿಲ ಯಾವುದನ್ನು ಸುಟ್ಟರೂ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಅದು ಭೂಮಿಯ ಶಾಖವನ್ನು ಹಿಡಿದಿಡುತ್ತದೆಂದು ಸ್ವೀಡನ್ನಿನ ಅರ್ಹೇನಿಯಸ್ 1896ರಲ್ಲೇ ಲೆಕ್ಕ ಹಾಕಿದ್ದರು. ಗೈ ಕ್ಯಾಲೆಂಡರ್ ಎಂಬ ಬ್ರಿಟಿಷ್ ಉಗಿ ಎಂಜಿನಿಯರ್ ಹಲವು ದೇಶಗಳ ತಾಪಮಾನದ ದಾಖಲೆಗಳನ್ನು ಒಟ್ಟುಗೂಡಿಸಿ, ಭೂಮಿ ಈಗಾಗಲೇ ಬಿಸಿಯಾಗುತ್ತಿದೆಯೆಂದು 1938ರಲ್ಲಿ ಪ್ರಬಂಧ ಮಂಡಿಸಿದರು. ಅದೇ 1938ರಲ್ಲಿ ಸೌದಿ ಅರೇಬಿಯಾದ ದಮ್ಮಾಮಿನ ಏಳನೇ ಬಾವಿಯಲ್ಲೂ ಕುವೈತಿನ ಬುರ್ಗಾನ್‌ನಲ್ಲೂ ತೈಲ ಚಿಮ್ಮಿತು. ಒಂದೇ ವರ್ಷದಲ್ಲಿ ಎಚ್ಚರಿಕೆಯೂ ಬಂತು, ಸಂಪತ್ತೂ ಬಂತು. ಲೋಕ ಯಾವುದರ ಕಡೆ ಓಡಿತು ಎಂದು ಹೇಳಬೇಕಾಗಿಲ್ಲ.

ಆ ಕಾಣದ ಹೊಗೆಯ ನೆರೆಯವರು ಈಗ ಯಾರು? 2022ರ ಮಳೆಗಾಲದಲ್ಲಿ ಪಾಕಿಸ್ತಾನದ ಸಿಂಧ್ ಮತ್ತು ಬಲೂಚಿಸ್ತಾನ ಮುಳುಗಿದವು. 3 ಕೋಟಿ 30 ಲಕ್ಷ ಜನ ತೊಂದರೆಗೊಳಗಾದರು, 1,700ಕ್ಕೂ ಹೆಚ್ಚು ಜನ ಮೃತಪಟ್ಟರು. ಜಗತ್ತಿನ ಒಟ್ಟು ಹೊರಸೂಸುವಿಕೆಯಲ್ಲಿ ಆ ದೇಶದ ಪಾಲು ನೂರಕ್ಕೆ ಒಂದೂ ಇಲ್ಲ. 2024ರ ಹಜ್ಜಿನಲ್ಲಿ ಮಸ್ಜಿದುಲ್ ಹರಾಮಿನ ಬಳಿ ತಾಪಮಾನ 51.8 ಡಿಗ್ರಿ ಮುಟ್ಟಿತು. 1,301 ಯಾತ್ರಿಕರು ಮರಣ ಹೊಂದಿದರೆಂದು ಸೌದಿ ಸರ್ಕಾರವೇ ಪ್ರಕಟಿಸಿತು. ಇನ್ನಾ ಲಿಲ್ಲಾಹಿ ವ ಇನ್ನಾ ಇಲೈಹಿ ರಾಜಿಊನ್. ಮಕ್ಕಾ ಮೊದಲಿನಿಂದಲೂ ಬಿಸಿಯ ಊರು, ಎಲ್ಲವನ್ನೂ ಹವಾಮಾನ ಬದಲಾವಣೆಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ಮೃತರಲ್ಲಿ ನೂರಕ್ಕೆ 83 ಮಂದಿ ನೋಂದಣಿ ಇಲ್ಲದೆ ಬಂದವರು. ಅಧಿಕೃತ ಪರವಾನಗಿಗೆ ಬೇಕಾದ ಹಣ ಹೊಂದಿಸಲಾಗದ ಎಷ್ಟೋ ಬಡವರು ಅವರಲ್ಲಿದ್ದರು. ತಂಪು ಡೇರೆಗಳೂ ಬಸ್ಸುಗಳೂ ಅವರಿಗಿರಲಿಲ್ಲ, ಬಿಸಿಲಲ್ಲೇ ನಡೆದರು. ಬಿಸಿ ಎಲ್ಲರ ಮೇಲೂ ಒಂದೇ ಸಮನೆ ಸುರಿಯಿತು, ಸಾವು ಮಾತ್ರ ಸಮನಾಗಿ ಹಂಚಿಕೆಯಾಗಲಿಲ್ಲ. ಹವಾಮಾನ ನ್ಯಾಯ ಎಂದು ಇಂದು ಕರೆಯುತ್ತಿರುವುದು ಈ ಹಂಚಿಕೆಯ ಪ್ರಶ್ನೆಯನ್ನೇ.

ಈಗ ಇಬ್ನು ರಾಮಿಯವರ ಎರಡು ಹೊಗೆಗಳಿಗೆ ಮರಳೋಣ. 1991ರಲ್ಲಿ ದೆಹಲಿಯ ಅನಿಲ್ ಅಗರ್ವಾಲ್ ಮತ್ತು ಸುನೀತಾ ನಾರಾಯಣ್ ಒಂದು ಪುಸ್ತಿಕೆ ಪ್ರಕಟಿಸಿದರು. ಬಡ ರೈತನ ಗದ್ದೆಯಿಂದಲೂ ದನದಿಂದಲೂ ಬರುವ ಅನಿಲವನ್ನು ಶ್ರೀಮಂತ ದೇಶದ ಕಾರಿನ ಹೊಗೆಯ ಜೊತೆ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ, ಬದುಕಲು ಬಿಡುವ ಹೊಗೆ ಬೇರೆ, ಭೋಗಕ್ಕೆ ಬಿಡುವ ಹೊಗೆ ಬೇರೆ ಎಂಬುದು ಅವರ ವಾದ. ಅವರು ಟ್ಯುನಿಸ್‌ನ ಮೇಸ್ತ್ರಿಯ ಗ್ರಂಥ ಓದಿರಲಿಕ್ಕಿಲ್ಲ. ಆದರೂ ಮಾತು ಅದೇ. ಅಡುಗೆ ಒಲೆ ಮತ್ತು ಹಮ್ಮಾಮಿನ ಕುಲುಮೆ.

ಈ ವಾದ ನ್ಯಾಯವಾದದ್ದು, ಆದರೆ ಅದಕ್ಕೊಂದು ಮಿತಿಯೂ ಇದೆ. ಅಡುಗೆ ಒಲೆಯ ಹೊಗೆಯನ್ನು ನೆರೆಯವರು ಸಹಿಸಿದರೂ ಒಲೆಯ ಮುಂದೆ ಕುಳಿತ ತಾಯಿಯ ಎದೆ ಅದನ್ನು ಸಹಿಸುವುದಿಲ್ಲ. ಸೌದೆ, ಬೆರಣಿಗಳ ಹೊಗೆಯಿಂದ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 32 ಲಕ್ಷ ಜನ ಅಕಾಲ ಮರಣಕ್ಕೀಡಾಗುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಅಡುಗೆ ಅನಿಲವೂ ಪಳೆಯುಳಿಕೆ ಇಂಧನವೇ. ಆದರೂ 2016ರಿಂದ ಉಜ್ವಲ ಯೋಜನೆಯಲ್ಲಿ ಬಡ ಮನೆಗಳಿಗೆ ಸಿಲಿಂಡರ್ ಬಂದದ್ದನ್ನು ನಾವು ಒಳ್ಳೆಯದೆಂದೇ ಹೇಳುತ್ತೇವೆ. ಹೆಚ್ಚಿನ ಹಾನಿಯನ್ನು ಕಡಿಮೆ ಹಾನಿಯಿಂದ ನಿವಾರಿಸಬಹುದೆಂಬ ಸೂತ್ರವೂ ಮಜಲ್ಲಾದಲ್ಲಿದೆ. ಪಳೆಯುಳಿಕೆ ಇಂಧನ ಬಿಡಬೇಕೆಂದಾಗ ಮೊದಲು ಕೈ ಹಾಕಬೇಕಾದದ್ದು ಆ ತಾಯಿಯ ಸಿಲಿಂಡರಿಗೆ ಅಲ್ಲ.

ಹಾಗೆಂದು ಬಡವನ ಒಲೆಯನ್ನು ಮುಂದಿಟ್ಟು ನಮ್ಮ ದೇಶದ ಕುಲುಮೆಗಳೆಲ್ಲ ಅದರ ಹಿಂದೆ ಅಡಗಿಕೊಳ್ಳಲೂ ಬಾರದು. ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ, 1774ರಲ್ಲಿ, ಬಂಗಾಳದ ರಾಣಿಗಂಜ್‌ನಲ್ಲಿ ಕಲ್ಲಿದ್ದಲು ತೆಗೆಯಲು ಆರಂಭಿಸಿದರು. ಝರಿಯಾದ ಗಣಿಗಳಲ್ಲಿ 1916ರಿಂದ ನೆಲದಡಿ ಬೆಂಕಿ ಉರಿಯುತ್ತಲೇ ಇದೆ, ಅದರ ಮೇಲೆಯೇ ಜನ ಬದುಕುತ್ತಿದ್ದಾರೆ. ಕಲ್ಲಿದ್ದಲಿನ ಬೆಳಕು ಒಂದು ಕಡೆ, ಬೂದಿ ಇನ್ನೊಂದು ಕಡೆ ಬೀಳುತ್ತದೆ ಎಂಬುದು ನಮ್ಮ ದೇಶದೊಳಗೂ ನಿಜ.

ನಮ್ಮ ಕರ್ನಾಟಕದ ವಿಷಯದಲ್ಲಂತೂ ಹಳೆಯತನದ ವಾದವೇ ನಿಲ್ಲದು. ಇಲ್ಲಿ ಕಲ್ಲಿದ್ದಲಿನ ಗಣಿಯಿಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಹೋದ ವಿದ್ಯುತ್ತು ಕಾವೇರಿ ನೀರಿನದು. ಜೋಗದ ಕೇಂದ್ರ 1948ರದು. ರಾಯಚೂರಿನ ಶಕ್ತಿನಗರದಲ್ಲಿ ಕೃಷ್ಣೆಯ ದಡದ ಶಾಖೋತ್ಪನ್ನ ಕೇಂದ್ರದ ಮೊದಲ ಘಟಕ ಶುರುವಾದದ್ದು 1985ರಲ್ಲಿ. ಅದು ಇಂದು 1,720 ಮೆಗಾವ್ಯಾಟ್ ಸಾಮರ್ಥ್ಯದ್ದು. ಅದಕ್ಕೆ ಬೇಕಾದ ಕಲ್ಲಿದ್ದಲು ಬೇರೆ ರಾಜ್ಯಗಳಿಂದ ರೈಲಿನಲ್ಲಿ ಬರುತ್ತದೆ. ಆಮೇಲೆ ಬಳ್ಳಾರಿಯ ಕುಡಿತಿನಿ, ಉಡುಪಿಯ ಎಲ್ಲೂರು, ವಿಜಯಪುರದ ಕೂಡಗಿ. ನಮ್ಮ ಓದುಗರಲ್ಲಿ ಅರ್ಧದಷ್ಟು ಜನರ ವಯಸ್ಸಿಗಿಂತ ಈ ಚಿಮಣಿಗಳ ವಯಸ್ಸು ಕಡಿಮೆ. ಇವು ನಮಗೆ ಮಾಡಿದ ಉಪಕಾರ ಸಣ್ಣದಲ್ಲ. ಮಸೀದಿಯ ಫ್ಯಾನು, ಮೈಕು, ಮಕ್ಕಳ ಪರೀಕ್ಷೆಯ ರಾತ್ರಿಯ ದೀಪ, ಎಲ್ಲದರಲ್ಲೂ ಆ ಬೆಂಕಿಯ ಪಾಲಿದೆ. ಅದರ ಹಾರುಬೂದಿ ಮಾತ್ರ ಪಕ್ಕದ ಹಳ್ಳಿಯವರ ಹೊಲ, ಅಂಗಳಕ್ಕೆ ಬೀಳುತ್ತದೆ, ಬೆಂಗಳೂರಿಗೆ ಬರುವುದಿಲ್ಲ. ಇಬ್ನು ರಾಮಿಯವರನ್ನು ಇಂದು ಸ್ಥಳ ಪರಿಶೀಲನೆಗೆ ಕಳುಹಿಸಿದರೆ ಯಾವ ಊರಿಗೆ ಹೋಗುತ್ತಿದ್ದರೆಂದು ಓದುಗರೇ ಯೋಚಿಸಲಿ.

ಇಲ್ಲಿಯವರೆಗೆ ಬೇರೆಯವರ ಭಟ್ಟಿಯ ಮಾತಾಯಿತು. ನಮ್ಮ ಸಮುದಾಯದ ರೊಟ್ಟಿ ಯಾವ ಭಟ್ಟಿಯಲ್ಲಿ ಬೇಯುತ್ತಿದೆ? 1970ರ ದಶಕದಲ್ಲಿ ತೈಲದ ಬೆಲೆ ಏರಿದಂದಿನಿಂದ ಮಂಗಳೂರು, ಉಡುಪಿ, ಭಟ್ಕಳದ ಕಡೆಯ ಎಷ್ಟು ಮನೆಗಳ ಹುಡುಗರು ಕೊಲ್ಲಿಗೆ ಹೋಗಿಲ್ಲ? ಮಣ್ಣಿನ ಗೋಡೆ ತಾರಸಿಯಾಯಿತು, ತಂಗಿಯರ ಮದುವೆಯಾಯಿತು, ಮದ್ರಸಗಳು ಮೇಲೆದ್ದವು. ಎಷ್ಟೋ ಮಿನಾರಗಳ ತುದಿಯವರೆಗೂ ತೈಲದ ದುಡ್ಡೇ ಇದೆ. ಖುತ್ಬಾದ ನಂತರ ಒಬ್ಬ ತಂದೆ ನಮ್ಮ ಕೈಹಿಡಿದು, ಉಸ್ತಾದರೇ, ಅಲ್ಲಿ ಎಣ್ಣೆ ನಿಂತರೆ ನನ್ನ ಮಗನ ಗತಿಯೇನು ಎಂದು ಕೇಳಿದರು. ಅದನ್ನು ಈಮಾನಿನ ಕೊರತೆ ಎನ್ನಲಾಗದು. ಅದು ನ್ಯಾಯವಾದ ಪ್ರಶ್ನೆ.

ಈ ಪ್ರಶ್ನೆಯನ್ನು ಉಲಮಾಗಳು ಬದಿಗೆ ತಳ್ಳಿಲ್ಲ. 2015ರ ಆಗಸ್ಟಿನಲ್ಲಿ ಇಸ್ತಾಂಬುಲಿನಲ್ಲಿ ಹಲವು ದೇಶಗಳ ಮುಸ್ಲಿಂ ವಿದ್ವಾಂಸರು ಸೇರಿ ಹವಾಮಾನದ ಬಗ್ಗೆ ಒಂದು ಘೋಷಣೆ ಹೊರಡಿಸಿದರು. ಶ್ರೀಮಂತ ದೇಶಗಳೂ ತೈಲ ಉತ್ಪಾದಿಸುವ ದೇಶಗಳೂ ಈ ಶತಮಾನದ ಮಧ್ಯಭಾಗದೊಳಗೆ ತಮ್ಮ ಹೊರಸೂಸುವಿಕೆಯನ್ನು ನಿಲ್ಲಿಸುವುದರಲ್ಲಿ ಮುಂದಾಗಬೇಕೆಂದೂ, ಬಡವರಿಗೆ ನೆರವಾಗಬೇಕೆಂದೂ ಅದರಲ್ಲಿ ಕರೆ ಇತ್ತು. ತೈಲ ದೇಶಗಳನ್ನು ಹೆಸರಿಟ್ಟು ಕರೆಯಲು ಧೈರ್ಯ ಬೇಕು. 2023ರ ಡಿಸೆಂಬರಿನಲ್ಲಿ ದುಬೈಯಲ್ಲಿ ನಡೆದ ವಿಶ್ವಸಂಸ್ಥೆಯ ಹವಾಮಾನ ಸಮ್ಮೇಳನಕ್ಕೆ ಅಬುಧಾಬಿಯ ತೈಲ ಕಂಪನಿಯ ಮುಖ್ಯಸ್ಥರೇ ಅಧ್ಯಕ್ಷರಾಗಿದ್ದರು. ಬೆಕ್ಕಿನ ಕೈಗೇ ಹಾಲಿನ ಪಾತ್ರೆ ಎಂದು ಹಲವರು ನಕ್ಕರು. ಆದರೂ ಪಳೆಯುಳಿಕೆ ಇಂಧನಗಳಿಂದ ದೂರ ಸರಿಯಬೇಕೆಂಬ ಮಾತು ಸಮ್ಮೇಳನದ ಒಪ್ಪಂದದಲ್ಲಿ ಮೊದಲ ಬಾರಿಗೆ ದಾಖಲಾದದ್ದು ಅಲ್ಲಿಯೇ.

ಬಿಡುವುದು ಹೇಗೆ ಎಂಬುದಕ್ಕೆ ಇತಿಹಾಸದಲ್ಲಿ ಎರಡೂ ಬಗೆಯ ಉದಾಹರಣೆಗಳಿವೆ. ಒಂದು ಕಾಲದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಗಣಿ ಕಾರ್ಮಿಕರಿದ್ದ ಬ್ರಿಟನ್ನಿನಲ್ಲಿ 1984ರಲ್ಲಿ ಸರ್ಕಾರ ಗಣಿಗಳನ್ನು ಮುಚ್ಚಲು ಹೊರಟಾಗ ಒಂದು ವರ್ಷ ಮುಷ್ಕರ ನಡೆಯಿತು, ಕಾರ್ಮಿಕರು ಸೋತರು. ಅದು ಗಾಳಿಯ ಶುದ್ಧಿಗಾಗಿ ಆದದ್ದಲ್ಲ, ಹಣದ ಲೆಕ್ಕಕ್ಕೆ ಆದದ್ದು. ಊರಿಗೆ ಊರೇ ಕೆಲಸವಿಲ್ಲದೆ ಕುಳಿತವು, ಆ ಗಾಯ ಇನ್ನೂ ಪೂರ್ತಿ ಮಾಯ್ದಿಲ್ಲ. ಅದೇ ದೇಶದ ಕೊನೆಯ ಕಲ್ಲಿದ್ದಲು ವಿದ್ಯುತ್ ಕೇಂದ್ರವಾದ ರ್‍ಯಾಟ್‌ಕ್ಲಿಫ್ 2024ರ ಸೆಪ್ಟೆಂಬರ್ 30ರಂದು ನಿಂತಿತು. ಹಾಲ್‌ಬರ್ನ್‌ನಲ್ಲಿ ಹೊತ್ತಿಸಿದ ಬೆಂಕಿ 142 ವರ್ಷಗಳ ನಂತರ ಆರಿತು. 2012ರಲ್ಲಿ ಆ ದೇಶದ ವಿದ್ಯುತ್ತಿನಲ್ಲಿ ನೂರಕ್ಕೆ ಸುಮಾರು 40 ಪಾಲು ಕಲ್ಲಿದ್ದಲಿನದಾಗಿತ್ತು. ಹನ್ನೆರಡು ವರ್ಷಗಳಲ್ಲಿ ಅದು ಸೊನ್ನೆಯಾಯಿತು. ಈ ಸಲ ಮುಚ್ಚುವ ದಿನ ಕಾರ್ಮಿಕರಿಗೆ ವರ್ಷಗಳ ಮೊದಲೇ ಗೊತ್ತಿತ್ತು. ಬೇರೆ ಕೆಲಸ ಹುಡುಕಲು, ಕಲಿಯಲು ಸಮಯವಿತ್ತು.

ನಮ್ಮ ರಾಜ್ಯದ ಪಾವಗಡದಲ್ಲೂ ಈ ಲೆಕ್ಕ ನಡೆದಿದೆ. ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೌರ ಪಾರ್ಕ್ ಅಲ್ಲಿದೆ. ಅದು ಹೊಗೆಯಿಲ್ಲದ ವಿದ್ಯುತ್ತು. ರೈತರಿಂದ ಜಮೀನು ಕಿತ್ತುಕೊಳ್ಳದೆ ಗುತ್ತಿಗೆಗೆ ಪಡೆದು ವರ್ಷ ವರ್ಷ ಬಾಡಿಗೆ ಕೊಡುವ ವ್ಯವಸ್ಥೆ ಮಾಡಿದರು. ಬರಗಾಲದ ಸೀಮೆಯ ರೈತನಿಗೆ ಅದು ಆಸರೆಯಾಯಿತು. ಆದರೆ ಅದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ, ಕುರಿ ಮೇಯಿಸುತ್ತಿದ್ದ ಭೂಮಿಯಿಲ್ಲದವರ ಹೆಸರು ಯಾವ ಗುತ್ತಿಗೆ ಪತ್ರದಲ್ಲೂ ಇರಲಿಲ್ಲ. ಜಮೀನು ಇದ್ದವನಿಗೆ ಬಾಡಿಗೆ ಬಂತು, ಇಲ್ಲದವನಿಗೆ ಬೇಲಿ ಬಂತು.

ಕೊಲ್ಲಿಗೆ ಹೋದ ನಮ್ಮ ಹುಡುಗರ ಹೆಸರೂ ಅಲ್ಲಿನ ತೈಲದ ಯಾವ ಪತ್ರದಲ್ಲೂ ಇಲ್ಲ. ಬಾವಿ ಅವರದಲ್ಲ, ವೀಸಾ ಮುಗಿದ ದಿನ ಊರಿಗೆ ಬರಬೇಕಾದವರು. ಆ ತಂದೆಗೆ ನಾವು ಹೇಳಿದ್ದು ಇಷ್ಟೇ: ಈಗ ಹದಿನಾಲ್ಕು, ಹದಿನೈದು ವಯಸ್ಸಿನಲ್ಲಿರುವ ನಿಮ್ಮ ಕಿರಿಯ ಮಗ ದುಡಿಮೆಗೆ ನಿಲ್ಲುವ ಹೊತ್ತಿಗೆ ಆ ಬಾಗಿಲು ಈಗಿನಷ್ಟು ಅಗಲವಾಗಿ ತೆರೆದಿರುತ್ತದೆಂದು ಲೆಕ್ಕ ಹಾಕಬೇಡಿ. ನಮ್ಮ ಜಮಾಅತಿನಲ್ಲಿ ಎಲೆಕ್ಟ್ರಿಷಿಯನ್ ಕೆಲಸ ಬಲ್ಲವರು ಐದಾರು ಮಂದಿ ಇದ್ದಾರೆ, ಸೌರ ಫಲಕ ಕೂರಿಸುವುದನ್ನು ಕಲಿತವನು ಒಬ್ಬನೂ ಇಲ್ಲ. ಶಾಲೆಯ ರಜೆಯಲ್ಲಿ ಹುಡುಗರಿಗೆ ಆ ತರಬೇತಿ ಕೊಡಿಸುವ ವಿಷಯವನ್ನು ಮುಂದಿನ ತಿಂಗಳ ಜಮಾಅತ್ ಸಭೆಯ ಮುಂದೆ ಇಡಲಿದ್ದೇವೆ. ಆ ತಂದೆಯೂ ಬರುತ್ತೇನೆಂದಿದ್ದಾರೆ.